ದಸ್ತಗೀರ್ ಸಾಬರ ಹತ್ತಿರ

ಸುಲ್ತಾನ್‌ಪೇಟೆಯ ನಮ್ಮ ಓಣಿಯಲ್ಲಿ ಹನ್ನೊಂದು ಪ್ರೆಸ್ಸು,
ಕಾಗದ ಕತ್ತರಿಸುವ ಮಷಿನ್ನು ಒಂದೇ.
ಯಾರೂ ಸ್ವಂತದ್ದು ಇಟ್ಟಿಲ್ಲ. ಇಡಲು ಜಾಗವೆಲ್ಲಿ,
ನಾನು ಕುರ್ಚಿ ಹಿಂದೆ ಸರಿಸಿದರೆ
ಪಕ್ಕದವರ ಗೋಂದಿನ ಡಬ್ಬಿ ಉರುಳುತ್ತದೆ.
ರೀಮು ಹೊತ್ತ ಹುಡುಗ ಹೊರಟರೆ
ದಸ್ತಗೀರ್ ಸಾಬರ ಹತ್ತಿರ. ಇನ್ನೆಲ್ಲಿಗೆ.

ಇವತ್ತು ಸಂಜೆ ಆರೂಕಾಲಿಗೆ ಕಂಪ್ಯೂಟರು ಹೇಳಿತು:
ಲಿಬ್‌ಪಿಎನ್‌ಜಿ ಹನ್ನೆರಡು ಸಿಗಲಿಲ್ಲ.
ಅಷ್ಟೇ. ಒಂದು ಸಾಲು.
ಸೋಮವಾರ ಹಳೇ ಡಿಸ್ಕು ಸತ್ತು,
ಹೊಸದಕ್ಕೆ ಹೊಸ ಲಿನಕ್ಸ್ ಹಾಕಿ,
ಲಗ್ನಪತ್ರಿಕೆಯ ಗಣಪತಿಯನ್ನು ತೆರೆಯಬಲ್ಲ
ಆ ಹಳೇ ಪ್ರೋಗ್ರಾಮನ್ನು ಮತ್ತೆ ಕೂರಿಸುತ್ತಿದ್ದೆ.
ಚಿತ್ರ ಓದುವ ವಿದ್ಯೆ ಅದಕ್ಕೆ ಸ್ವಂತದ್ದಲ್ಲ.
ಎಲ್ಲರೂ ಹೋಗುವ ಮನೆಗೇ ಅದೂ ಹೋಗುತ್ತದೆ,
ಹೋಗಿ ಬಾಗಿಲು ತಟ್ಟಿದರೆ
ಆ ಹೆಸರಿನವರು ಇಲ್ಲಿಲ್ಲ.

ಇದ್ದವರು ಹದಿನಾರು.
ಅದೇ ಕಸುಬು, ಅದೇ ವಂಶ.

‘ಏನಮ್ಮಾ, ಗಣಪತಿ ಬಂದನಾ?’ ಅಂದರು ಆಂಜನಪ್ಪನವರು.
‘ದಾರಿಯಲ್ಲಿದ್ದಾನೆ ಸಾರ್.’
ಎಂಟುನೂರು ಕಾರ್ಡು, ನಾಳೆ ಹತ್ತಕ್ಕೆ ಯಶವಂತಪುರದವರು.

ಅವಸರದಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ:
ಹನ್ನೆರಡು ಎಂದು ಬೋರ್ಡು ಬರೆದು
ಬಾಣವನ್ನು ಹದಿನಾರರ ಬಾಗಿಲಿಗೆ ತಿರುಗಿಸಿದೆ.
ನಂಬಿತು, ಪಾಪ. ಕಿಟಕಿ ತೆರೆಯಿತು, ಮೆನು ಹಾಸಿತು,
ಚಿತ್ರ ಕೇಳುತ್ತಲೇ ಕುಸಿದು ಬಿತ್ತು.
ಹಳಬನಿಗೆ ಗೊತ್ತಿದ್ದ ಯಾವುದೋ ಒಂದು ಮಾತು
ಹೊಸಬ ಕೇಳಿಯೇ ಇರಲಿಲ್ಲ.

ಆಗ ನೆನಪಾದದ್ದು ಮುಬೀನಾ.

ದಸ್ತಗೀರ್ ಸಾಬರು ಹೋಗಿ ಎರಡು ರಂಜಾನ್ ಕಳೆದವು.
ಬೋರ್ಡು ಬದಲಾಗಿಲ್ಲ, ಹುಡುಗರ ಬಾಯಿಯೂ.
ಒಳಗೆ ಬ್ಲೇಡು ಇಳಿಸುವವಳು ಅವರ ತಂಗಿಯ ಮಗಳು.
ಮೊದಲ ತಿಂಗಳು ನಮ್ಮ ಮುನ್ನೂರು ಕಾರ್ಡಿನ
ಎಡಗಡೆಯ ಮಾವಿನ ತೋರಣ ಪೂರ್ತಿ ಹಾರಿಹೋಯಿತು.
ಜಗಳಕ್ಕೆ ಹೋದವಳು ನಾನೇ.
‘ಗೆರೆ ಎಳೆದು ಕಳಿಸಿದ್ದಿರಿ. ಗೆರೆ ಮೇಲೆ ಕತ್ತರಿಸಿದೆ,’ ಅಂದಳು,
ಕಣ್ಣು ಕೂಡ ಎತ್ತದೆ.
ಸಾಬರು ಗೆರೆಯಿಂದ ಅರ್ಧ ನೂಲು ಹೊರಗೆ ಬಿಡುತ್ತಿದ್ದರು,
ಮೂವತ್ತು ವರ್ಷ, ನಾವು ಹೇಳದೆ, ಅವರು ಹೇಳದೆ.
ಬರೆದಿರಲಿಲ್ಲ ಯಾರೂ.
ಬರೆಯಬೇಕು ಎಂದು ಗೊತ್ತಾದದ್ದೇ ತೋರಣ ಹಾರಿದ ಮೇಲೆ.

ಹಾಗೆಂದು ಹದಿನಾರನ್ನು ಕಿತ್ತು
ಹನ್ನೆರಡನ್ನು ಅದರ ಜಾಗಕ್ಕೆ ಕೂರಿಸಲಾದೀತೇ?
ಒಮ್ಮೆ ಕೂರಿಸಿದ್ದೆ, ಹೋದ ಯುಗಾದಿಯ ಹಿಂದಿನ ರಾತ್ರಿ.
ಡೆಸ್ಕ್‌ಟಾಪು ಹೋಯಿತು, ಪ್ರಿಂಟರು ಹೋಯಿತು,
ಉಳಿದದ್ದು ಕಪ್ಪು ಪರದೆ, ಮೂಲೆಯಲ್ಲಿ
ಮಿಣುಕುವ ಒಂದು ಗೀಟು.
ಒಬ್ಬರ ಹಳೇ ರೂಢಿಗೆ ಓಣಿಯ ಮಷಿನ್ನು ಬಿಚ್ಚಿದರೆ
ಹತ್ತು ಪ್ರೆಸ್ಸು ನನ್ನ ಬಾಗಿಲಿಗೆ ಬರುತ್ತವೆ.

ಈ ಸಲ ಹಳೇ ಹನ್ನೆರಡನ್ನು ಹುಡುಕಿ ತಂದು
ಪ್ರೋಗ್ರಾಮಿನ ಪಕ್ಕದಲ್ಲೇ ಒಂದು ಫೋಲ್ಡರಿನಲ್ಲಿ ಇಟ್ಟೆ.
ಅದರ ಕಿವಿಯಲ್ಲಿ ಮಾತ್ರ ಹೇಳಿದೆ:
ಮೊದಲು ಇಲ್ಲಿ ನೋಡು, ಆಮೇಲೆ ಊರು.
ಅದಾದ ಮೇಲೆ ಜೆಪೆಗ್ಗಿನ ಹಳೆಯದೂ ಬೇಕೆಂದಿತು. ತಂದೆ.
ಅದರ ಹಿಂದೆ ಇನ್ನೊಂದು. ಬೈದುಕೊಂಡು ತಂದೆ.
ಆಂಜನಪ್ಪನವರು ಎರಡನೇ ಕಾಫಿ ಹೇಳಿದರು,
ಹೋಟೆಲಿನವನು ತಂದದ್ದು ಟೀ.

ಒಂಬತ್ತು ನಲವತ್ತು. ಗಣಪತಿ ಬಂದ,
ಎಡಗಿವಿ ಸ್ವಲ್ಪ ನೀಲಿಗೆ ತಿರುಗಿದ್ದ.
ಇರಲಿ, ಅಚ್ಚಿನಲ್ಲಿ ಕೇಸರಿಯೇ ಆಗುತ್ತದೆ.

ಮೊದಲ ನೂರು ಹಾಳೆ ಇನ್ನೂ ಬೆಚ್ಚಗಿರುವಾಗಲೇ
ಮೇಲಿನದರ ಅಂಚಿಗೆ ಪೆನ್ಸಿಲ್ಲಿನಲ್ಲಿ ಬರೆದೆ:
ಅರ್ಧ ನೂಲು ಹೊರಗೆ.
ಮುಬೀನಾಗೆ ಈಗ ಗೊತ್ತು. ಆದರೂ ಬರೆದೆ.

ಓಣಿ ತಿರುವಿನಲ್ಲಿ ಷಟರ್ ಎಳೆಯುತ್ತಿದ್ದ ಬೈಂಡರು
‘ಇಷ್ಟು ಹೊತ್ತಲ್ಲಿ ಎಲ್ಲಿಗಕ್ಕಾ?’ ಅಂದ.

ದಸ್ತಗೀರ್ ಸಾಬರ ಹತ್ತಿರ, ಅಂದೆ.